ದೊಡ್ಡಲಕ್ಷ್ಮಮ್ಮ ಟೀಚರೂ ದೀಪುವಿನ ಎಡಗೈಯೂ

ದೊಡ್ಡಲಕ್ಷ್ಮಮ್ಮ ಎಂದು ಹೆಸರಿಟ್ಟವರು ಹುಡುಗಿ ಮುಂದೆ ಎಷ್ಟೆತ್ತರ ಬೆಳೆಯುತ್ತಾಳೋ ನೋಡೋಣ ಎಂದು ಒಸಿ ಕಾಯಬಹುದಿತ್ತು. ಅಂಗನವಾಡಿಯ ಕಿಟಕಿಯಿಂದ ಹೊರಗೆ ಇಣುಕಬೇಕಾದರೆ ಅವಳು ಅಕ್ಕಿ ಡಬ್ಬದ ಮೇಲೆ ಹತ್ತಬೇಕಿತ್ತು. ಗಂಟಲು ಮಾತ್ರ ಹೆಸರಿಗೆ ತಕ್ಕಂತಿತ್ತು. ಒಳಗಿನಿಂದ "ಲೇ ಮಕ್ಳಾ!" ಎಂದು ಕೂಗಿದರೆ ಹೊಂಗನೂರು ಬಸ್ಸಿನ ಡ್ರೈವರು ಕೂಡ ಯಾರೋ ಕೈ ಅಡ್ಡ ಹಾಕಿದರೆಂದು ಬ್ರೇಕು ಒತ್ತುತ್ತಿದ್ದ. ಕುದೂರಿನಲ್ಲಿ ಹುಟ್ಟಿ, ಹೊಂಗನೂರಿನ ಪಕ್ಕದ ಹಳ್ಳಿಗೆ ಬಾಲರಾಜುವಿನ ಹೆಂಡತಿಯಾಗಿ ಬಂದು, ಹತ್ತನೇ ಕ್ಲಾಸು ಪಾಸಾದ ಸೊಸೆ ಊರಲ್ಲಿ ಬೇರೆ ಯಾರೂ ಇಲ್ಲವೆಂಬ ಕಾರಣಕ್ಕೆ ಟೀಚರಾದವಳು.

ಹೆದ್ದಾರಿಯ ಪಕ್ಕ ಗಾರ್ಮೆಂಟ್ಸ್ ಫ್ಯಾಕ್ಟರಿ ಶುರುವಾಗುವವರೆಗೂ ಅವಳ ಅಂಗನವಾಡಿಗೆ ಮಕ್ಕಳು ಬರುತ್ತಿದ್ದದ್ದು ಊಟದ ಹೊತ್ತಿಗೆ ಮಾತ್ರ. ಆಮೇಲೆ, ರೇಷ್ಮೆಹುಳುವಿಗೆ ಸೊಪ್ಪು ಕೊಯ್ಯುತ್ತಿದ್ದ ಹೆಂಗಸರೆಲ್ಲ ಕೊರಳಿಗೆ ಗುರುತಿನ ಕಾರ್ಡು ನೇತುಹಾಕಿಕೊಂಡು ಬೆಳಗ್ಗೆಯೇ ಕಂಪನಿ ವ್ಯಾನು ಹತ್ತತೊಡಗಿದರು. ಹಾರನ್ ಕೇಳಿದ್ದೇ ತಡ, ಮುಖ ತೊಳೆಯದ, ತಲೆ ಬಾಚದ, ಒಮ್ಮೊಮ್ಮೆ ಪೂರ್ತಿ ಎಚ್ಚರವೂ ಆಗದ ಮಕ್ಕಳನ್ನು ಅಂಗನವಾಡಿ ಬಾಗಿಲಲ್ಲಿ ಇಳಿಸಿ ಓಡುತ್ತಿದ್ದರು. ಸಾಯಂಕಾಲ ವ್ಯಾನು ವಾಪಸ್ ಬರುವ ತನಕ ಆ ಹಿಂಡು ದೊಡ್ಡಲಕ್ಷ್ಮಮ್ಮನದು ಮತ್ತು ಅಡುಗೆಯ ಸಹಾಯಕಿ ಚಿನ್ನಮ್ಮನದು.

ಆ ವರ್ಷ ಟೀಚರುಗಳಿಗೆಲ್ಲ ರಾಮನಗರದಲ್ಲಿ ಟ್ರೈನಿಂಗು ನಡೆಯಿತು. ಬಂದಿದ್ದ ಮೇಡಂ ಚೆನ್ನಾಗಿ ಹೇಳಿಕೊಟ್ಟರು. ಮಗುವಿನ ಎರಡು ಕೈಯೂ ಜೊತೆಗೂಡಿ ದುಡಿಯಬೇಕು, ಒಂದು ಹಿಡಿದುಕೊಂಡರೆ ಇನ್ನೊಂದು ಕೆಲಸ ಮಾಡಬೇಕು. ಗುಂಡಿ ಹಾಕುವುದಕ್ಕೂ, ಮುಂದೆ ಪುಸ್ತಕ ಒತ್ತಿ ಹಿಡಿದು ಬರೆಯುವುದಕ್ಕೂ ಅದು ಬೇಕೇ ಬೇಕು. ಆಟ ಆಡಿಸಿಯೇ ಅದನ್ನು ಕಲಿಸಬೇಕು ಎಂದರು. ಕಾಗದ ಹರಿಯುವುದು, ಮಣಿ ಪೋಣಿಸುವುದು, ಹಿಟ್ಟಿನ ಉಂಡೆ ಕಟ್ಟುವುದು, ಚೆಂಡು ಹಿಡಿಯುವುದು, ಎದುರುಬದುರು ಕೂತು ಚಪ್ಪಾಳೆ ತಟ್ಟುವುದು. ದೊಡ್ಡಲಕ್ಷ್ಮಮ್ಮನಿಗೆ ಕೇಳುತ್ತಾ ಕೇಳುತ್ತಾ ಮೈಯೆಲ್ಲ ಹುರುಪೇರಿತು. ಚಪ್ಪಾಳೆ ಆಟದಲ್ಲಿ ಪಕ್ಕದ ಟೀಚರಿನ ಬಳೆ ಒಡೆದುಹಾಕಿದಳು.

ವಾಪಸ್ ಬರುವಾಗ ಚನ್ನಪಟ್ಟಣದಲ್ಲಿ ಇಳಿದು ಬೊಂಬೆ ಮಾಡುವ ಪೀರ್ ಸಾಬರ ಕಾರ್ಖಾನೆಗೆ ಹೋಗಿ, ಓರೆಕೋರೆಯಾಗಿ ಮಾರಾಟಕ್ಕೆ ಬಾರದ ಮರದ ಮಣಿ ಇದ್ದರೆ ಕೊಡಿ ಎಂದು ಕೇಳಿದಳು. ಯಾಕೆ ಎಂದು ಅವರು ಕೇಳಿದರು. ಅವಳು ಟ್ರೈನಿಂಗನ್ನೆಲ್ಲ ಅಲ್ಲೇ ನಿಂತು ಒಪ್ಪಿಸಿದಳು.

ಪೀರ್ ಸಾಬರು ಯಂತ್ರ ನಿಲ್ಲಿಸಿಯೇ ಕೇಳಿಸಿಕೊಂಡರು. "ಎರಡು ಕೈಲಿ ಉಳಿ ಹಿಡಿಯೋದು ನಮ್ಗೆ ನಮ್ ಅಬ್ಬಾ ಬೈದು ಬೈದು ಕಲಿಸಿದ್ರು. ನಿಮ್ಗೆ ಸರ್ಕಾರ ಊಟ ಹಾಕಿ ಕಲಿಸ್ತದಾ? ಒಳ್ಳೆ ಗೌರ್ಮೆಂಟಮ್ಮಾ!" ಎಂದು ನಗುತ್ತಲೇ ಒಂದು ಚೀಲ ತುಂಬಾ ಮಣಿ ಕೊಟ್ಟು ಕಳಿಸಿದರು.

ಮಾರನೇ ದಿನದಿಂದ ಅಂಗನವಾಡಿಯಲ್ಲಿ ಎರಡು ಕೈಯ ರಾಜ್ಯಭಾರ ಶುರುವಾಯಿತು. ಕಾಗದ ಹರಿಯಿರಿ ಎಂದಿದ್ದೇ ತಪ್ಪಾಯಿತು. ಹಳೇ ಪೇಪರು ಮುಗಿದ ಮೇಲೆ ಮಕ್ಕಳು ಗೋಡೆಯ ಮೇಲಿದ್ದ ಹಣ್ಣು ತರಕಾರಿ ಚಾರ್ಟಿಗೆ ಕೈ ಹಾಕಿ ಬದನೆಕಾಯಿಯ ತನಕ ಹರಿದರು. ರಾಗಿಹಿಟ್ಟಿನ ಉಂಡೆಗಳಲ್ಲಿ ಅರ್ಧ ಹೊಟ್ಟೆಗೆ ಹೋದವು, ಅರ್ಧ ತಲೆಗೂದಲಿಗೆ ಮೆತ್ತಿದವು. ಚೆಂಡಿನಾಟದ ಹೊತ್ತಿಗೆ ಒಲೆಯ ಕಡೆಯಿಂದ ಚಿನ್ನಮ್ಮ ಕೂಗಿದಳು: "ಟೀಚ್ರೆ, ನಿಮ್ ಟ್ರೈನಿಂಗು ಸಾರ್ನೊಳಿಕ್ಕೆ ಬಿದ್ಬುಡ್ತು, ಬಂದು ಎತ್ಕಳಿ!"

ಆದರೂ ಮಕ್ಕಳ ಕೈ ಪಳಗುತ್ತಾ ಬಂತು. ಧನುಶ್ರೀ ಎಂಬ ಪುಟ್ಟಿ ಮಣಿ ಪೋಣಿಸಿ ಪೋಣಿಸಿ ಚಿನ್ನಮ್ಮನ ಕೊರಳಿಗೇ ಒಂದು ಹಾರ ಹಾಕಿದಳು. ಒಬ್ಬ ದೀಪು ಮಾತ್ರ ಯಾವುದಕ್ಕೂ ಬಗ್ಗಲಿಲ್ಲ. ನಾಲ್ಕು ವರ್ಷದ, ದುಂಡು ಮುಖದ ಹುಡುಗ. ಎಲ್ಲಾ ಕೆಲಸವೂ ಬಲಗೈಯಲ್ಲೇ. ಎಡಗೈ ಸದಾ ಸೊಂಟದ ಹತ್ತಿರ ಮುಷ್ಟಿ ಕಟ್ಟಿಕೊಂಡು ಕೂತಿರುತ್ತಿತ್ತು. ಮಣಿ ಪೋಣಿಸೋ ಎಂದರೆ ದಾರವನ್ನು ಹಲ್ಲಲ್ಲಿ ಕಚ್ಚಿ ಹಿಡಿಯುವನು. ಚಪ್ಪಾಳೆ ಎಂದರೆ ಬಲಗೈಯಿಂದ ತೊಡೆಗೆ ಹೊಡೆದುಕೊಳ್ಳುವನು. ಚೆಂಡು ತನ್ನ ಕಡೆ ಬರುತ್ತಿದೆ ಎಂದರೆ ಸುಮ್ಮನೆ ಪಕ್ಕಕ್ಕೆ ಸರಿದು ದಾರಿ ಬಿಡುವನು.

ದೊಡ್ಡಲಕ್ಷ್ಮಮ್ಮನಿಗೆ ಟ್ರೈನಿಂಗಿನ ಮಾತೊಂದು ನೆನಪಾಯಿತು. ಯಾವುದೇ ಮಗು ಒಂದು ಕೈಯನ್ನು ಬಳಸುತ್ತಲೇ ಇಲ್ಲವೆಂದರೆ ಡಾಕ್ಟರಿಗೆ ತೋರಿಸಬೇಕೆಂದು ಮೇಡಂ ಹೇಳಿದ್ದರು. ಸಾಯಂಕಾಲ ವ್ಯಾನಿನಿಂದ ಇಳಿದ ದೀಪುವಿನ ತಾಯಿ ಭಾನುಪ್ರಿಯಳನ್ನು ಪಕ್ಕಕ್ಕೆ ಕರೆದು, ಅವಳ ಪಾಲಿಗೆ ಪಿಸುಮಾತೆಂಬಂಥ ದನಿಯಲ್ಲಿ ಹೇಳಿದಳು. ಅದು ಬೀದಿಯ ಕೊನೆಯವರೆಗೂ ಕೇಳಿಸಿತು. ಭಾನುಪ್ರಿಯ ಮನೆ ತಲುಪುವಷ್ಟರಲ್ಲಿ ಅವಳ ಅತ್ತೆ ಮೆಣಸಿನಕಾಯಿ ನೀವಾಳಿಸಲು ಸಿದ್ಧವಾಗಿ ನಿಂತಿದ್ದಳು.

ಭಾನುಪ್ರಿಯ ಫ್ಯಾಕ್ಟರಿಗೆ ರಜಾ ಹಾಕಿದಳು. ದೊಡ್ಡಲಕ್ಷ್ಮಮ್ಮ ಅಂಗನವಾಡಿಯನ್ನು ಚಿನ್ನಮ್ಮನಿಗೆ ಒಪ್ಪಿಸಿ, ಮಣಿ ಚೆಂಡುಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ಜೊತೆಗೆ ಹೊರಟಳು. ಚನ್ನಪಟ್ಟಣದ ಮಕ್ಕಳ ಡಾಕ್ಟರು ನಿಧಾನಸ್ಥರು. ದೀಪುವಿನ ಭುಜ ಒತ್ತಿದರು, ಮೊಣಕೈ ಮುಟ್ಟಿದರು, ಬೆರಳು ಮುಟ್ಟಹೋದಾಗ ಅವನು ಮುಷ್ಟಿ ಬಿಡಲಿಲ್ಲ.

"ಎರಡೂ ಕೈ ಮೇಲೆತ್ತು ಮರಿ," ಎಂದರು ಡಾಕ್ಟರು.

"ಊಹೂಂ."

ಎರಡು ಚಾಕೊಲೇಟು ತೆಗೆದು ತೋರಿಸಿದರು. ದೀಪು ಒಂದನ್ನು ಬಲಗೈಯಲ್ಲಿ ಇಸಕೊಂಡು, ಇನ್ನೊಂದಕ್ಕೆ ಬಾಯಿ ತೆರೆದ. ಭಾನುಪ್ರಿಯಳ ಕಣ್ಣು ತುಂಬಿತು.

ತಾನು ಕಣ್ಣಾರೆ ಕಂಡದ್ದನ್ನು ಡಾಕ್ಟರಿಗೆ ತೋರಿಸಿಬಿಡಬೇಕೆಂದು ದೊಡ್ಡಲಕ್ಷ್ಮಮ್ಮ ಚೀಲದಿಂದ ಚೆಂಡು ತೆಗೆದಳು. "ದೀಪೂ, ಹಿಡ್ಕೊಳ್ಳೋ!" ಎಂದು ಕೂಗಿಯೇ ಎಸೆದಳು. ಆ ಚಿಕ್ಕ ಕೋಣೆಯಲ್ಲಿ ಆ ಗಂಟಲಿಗೆ ಬೆಚ್ಚದವರಿಲ್ಲ. ಡಾಕ್ಟರ ಸ್ಟೆತಸ್ಕೋಪೇ ಜಾರಿಬಿತ್ತು. ದೀಪು ಬೆಚ್ಚಿಬಿದ್ದು ಎರಡೂ ಕೈ ಮೇಲೆತ್ತಿ ಚೆಂಡನ್ನು ಗಪ್ಪನೆ ಹಿಡಿದ. ಹಿಡಿದ ಮರುಕ್ಷಣವೇ ಅವನ ಚಡ್ಡಿ ಸರ್ರನೆ ಜಾರಿ ಕಾಲ ಬುಡದಲ್ಲಿ ಉಂಗುರದಂತೆ ಕೂತಿತು.

ಡಾಕ್ಟರು ಬಗ್ಗಿ ಚಡ್ಡಿಯ ಸೊಂಟ ಎಳೆದು ನೋಡಿದರು. ಅದು ಎಳೆದಷ್ಟೂ ಬಂತು, ವಾಪಸ್ ಹೋಗಲಿಲ್ಲ.

"ಮಗೂನ ಕೈಗೆ ಏನೂ ಆಗಿಲ್ಲಮ್ಮ. ಚಡ್ಡಿಗೆ ಆಗಿದೆ," ಎಂದರು.

ಭಾನುಪ್ರಿಯ ಮೊದಲು ನಕ್ಕಳು. ನಗುತ್ತಿದ್ದವಳು ಹಾಗೇ ಅತ್ತಳು. "ನಾನು ಕಂಪನೀಲಿ ಬೆಳಗಿಂದ ಬೈಗಿನ್ ತಂಕ ಹೊಲಿಯೋದೇ ಎಲಾಸ್ಟಿಕ್ಕು ಸಾರ್. ಯಾವ್ದೋ ದೇಶದ ಮಕ್ಳು ಚಡ್ಡಿಗೆ."

"ಯಾಕ್ಲಾ ಮಗ, ಹೇಳ್ಬಾರ್ದಾಗಿತ್ತಾ?" ಎಂದು ದೊಡ್ಡಲಕ್ಷ್ಮಮ್ಮ ದೀಪುವನ್ನು ಕೇಳಿದಳು.

"ಅವ್ವನೇ ಅಂದ್ಲು. ಭಾನ್ವಾರ ಹಾಕ್ಕೊಡ್ತೀನಿ, ಅಲ್ಲಿಗಂಟ ಬುಡ್ಬ್ಯಾಡ ಅಂತ."

ಭಾನುವಾರಗಳೆಲ್ಲ ಓವರ್‌ಟೈಮಿಗೆ ಹೋಗಿದ್ದವು. ಹುಡುಗ ಮಾತ್ರ ತಾಯಿಯ ಮಾತು ಮೀರದೆ ಹಿಡಿದುಕೊಂಡೇ ಇದ್ದ. ಟ್ರೈನಿಂಗಾಗಿ ಬಂದ ತನ್ನ ಕಣ್ಣಿಗೆ ಕೈ ಕಂಡಿತೇ ಹೊರತು ಅದು ಹಿಡಿದಿದ್ದ ಚಡ್ಡಿ ಕಾಣಲಿಲ್ಲವಲ್ಲ ಎಂದು ದೊಡ್ಡಲಕ್ಷ್ಮಮ್ಮನಿಗೆ ನಾಚಿಕೆಯಾಯಿತು. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಎಲಾಸ್ಟಿಕ್ಕಿನ ಒಂದು ದೊಡ್ಡ ಸುರುಳಿಯನ್ನೇ ಕೊಂಡಳು.

ಮಾರನೇ ದಿನ ಪ್ರತಿ ಮಗುವಿನ ಸೊಂಟವನ್ನೂ ಎಳೆದು ನೋಡಿದಳು. ಒಬ್ಬನದಕ್ಕೆ ಗೋಣಿದಾರ, ಇನ್ನೊಬ್ಬಳ ಲಂಗಕ್ಕೆ ಪಿನ್ನು, ಮತ್ತೊಬ್ಬನದು ಬರೀ ಗಂಟು. ಸೊಂಟದ ಪಟ್ಟಿಯೊಳಗೆ ಎಲಾಸ್ಟಿಕ್ಕು ತೂರಿಸುವಾಗ ಒಂದು ಕೈ ಪಿನ್ನು ತಳ್ಳಬೇಕು, ಇನ್ನೊಂದು ಬಟ್ಟೆ ಸುಕ್ಕು ಮಾಡುತ್ತಾ ಹೋಗಬೇಕು. ಇದಕ್ಕಿಂತ ಒಳ್ಳೆಯ ಆಟ ಬೇಕೇ! ಪಿನ್ನುಗಳನ್ನು ಭದ್ರವಾಗಿ ಮುಚ್ಚಿ, ಎಲಾಸ್ಟಿಕ್ಕು ಸಿಕ್ಕಿಸಿ ಮಕ್ಕಳ ಕೈಗೆ ಕೊಟ್ಟಳು. ಚಡ್ಡಿ ಸಡಿಲವಿದ್ದವರು ಬಿಚ್ಚಿ ಕೂತರು. ಬಿಗಿಯಾಗಿದ್ದವರೂ "ನಂದೂ ಮಿಸ್ಸು, ನಂದೂ" ಎಂದು ಬಿಚ್ಚಿಹಾಕಿ ಸಾಲಿಗೆ ಬಂದರು. ಈ ಆಟ ದಿನಾ ಬೇಕೆಂದು ಹಟ ಹಿಡಿದರು.

ಹೀಗಿರುವಾಗ ಒಂದು ಶನಿವಾರ ಮಧ್ಯಾಹ್ನ ಸೂಪರ್‌ವೈಸರ್ ಮೇಡಂ ಇಲಾಖೆಯ ಜೀಪಿನಲ್ಲಿ ಬಂದಿಳಿದರು. ಬಾಗಿಲಲ್ಲೇ ನಿಂತುಬಿಟ್ಟರು.

"ಏನ್ರೀ ಇದು ದೊಡ್ಡಲಕ್ಷ್ಮಮ್ಮ? ಸೆಂಟರಿನಲ್ಲಿ ಒಂದು ಮಗೂಗೂ ಚಡ್ಡಿ ಇಲ್ಲವಲ್ಲ!"

"ಐತೆ ಮೇಡಂ. ಕೈಯಲ್ಲೈತೆ."

ಮೇಡಂ ಸಿಟ್ಟಿನಿಂದಲೇ ಒಳಗೆ ಬಂದರು. ಆದರೆ ನಾಲಿಗೆ ಹೊರಗಿಟ್ಟು, ಉಸಿರು ಬಿಗಿಹಿಡಿದು ಪಿನ್ನು ತಳ್ಳುತ್ತಿದ್ದ ಆ ಮುಖಗಳನ್ನು ನೋಡುತ್ತಾ ನೋಡುತ್ತಾ ಚಾಪೆಯ ಮೇಲೆ ಕೂತರು. ದೀಪು ಪಿನ್ನನ್ನು ಆ ಕಡೆಯಿಂದ ಹೊರಗೆಳೆದು ಎರಡೂ ಕೈ ಮೇಲೆತ್ತಿದಾಗ ಅವರೇ ಚಪ್ಪಾಳೆ ತಟ್ಟಿದರು. "ಮುಂದಿನ ಮೀಟಿಂಗಿನಲ್ಲಿ ಇದನ್ನ ಎಲ್ಲ ಟೀಚರುಗಳಿಗೂ ತೋರಿಸಿ," ಎಂದರು. ಎದ್ದು ಹೊರಟವರು ತಿರುಗಿ, "ಒಂದು ಬೊಂಬೆಗೆ ಚಡ್ಡಿ ಹಾಕಿ ತೋರಿಸಿ. ಮಕ್ಕಳನ್ನ ಹೀಗೇ ಕರ್ಕೊಂಡ್ ಬಂದ್ಬಿಡಬೇಡಿ," ಎಂದು ಸೇರಿಸಿದರು.

ಜೀಪು ಸ್ಟಾರ್ಟಾಗಲಿಲ್ಲ. ಡ್ರೈವರು ಕೀಲಿ ತಿರುಗಿಸಿದಷ್ಟೂ ಅದು ಕೆಮ್ಮಿತು. ದೊಡ್ಡಲಕ್ಷ್ಮಮ್ಮ, ಚಿನ್ನಮ್ಮ, ಕೊನೆಗೆ ಮೇಡಮ್ಮೂ ಹಿಂದಿನಿಂದ ತಳ್ಳಲು ನಿಂತರು. ಒಳಗಿದ್ದ ಮಕ್ಕಳು ಹೊಸ ಆಟವೆಂದು ಕೈಯಲ್ಲಿದ್ದದ್ದನ್ನು ಅಲ್ಲಲ್ಲೇ ಎಸೆದು ಓಡಿಬಂದರು. ಜೀಪಿಗೆ ಕೈ ಎಟುಕದವರು ಮುಂದಿನವರ ಬೆನ್ನಿಗೆ ಕೈ ಕೊಟ್ಟರು. ಅಷ್ಟರಲ್ಲಿ ಎದುರಿನಿಂದ ಕಂಪನಿ ವ್ಯಾನು ಬಂತು. ಶನಿವಾರವಾದ್ದರಿಂದ ಬೇಗ ಬಿಟ್ಟಿದ್ದರು. ಸರ್ಕಾರಿ ಜೀಪನ್ನು ತಮ್ಮ ಮಕ್ಕಳು ಬರೀ ಅಂಗಿಯಲ್ಲಿ ತಳ್ಳುತ್ತಿರುವುದನ್ನು ಕಂಡು ತಾಯಂದಿರೆಲ್ಲ ಕಿಟಕಿಗೆ ಮುಗಿಬಿದ್ದರು. ಭಾನುಪ್ರಿಯ ಮೊದಲು ಧುಮುಕಿ ಬಂದು ಮಗನ ರಟ್ಟೆ ಹಿಡಿದಳು.

"ಬುಡವ್ವ, ಕೆಲ್ಸ ಐತೆ!" ಎಂದ ದೀಪು.

ಅವಳೂ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೈ ಕೊಟ್ಟಳು. ಹಿಂದೆಯೇ ಮಿಕ್ಕವರೂ ಬಂದರು. ಜೀಪು ಒಂದು ಸಲ ಸೀನಿ, ಎಲ್ಲರ ಮುಖಕ್ಕೂ ಹೊಗೆ ಬಿಟ್ಟು ಹೊರಟೇಹೋಯಿತು.

ಫಜೀತಿ ಶುರುವಾದದ್ದು ಆಮೇಲೆ. ಚಾಪೆಯ ತುಂಬ ಚೆಲ್ಲಿದ್ದ ಚಡ್ಡಿಗಳಲ್ಲಿ ಯಾವುದು ಯಾರದೆಂದು ಮಕ್ಕಳಿಗೂ ಗೊತ್ತಿರಲಿಲ್ಲ, ದೊಡ್ಡಲಕ್ಷ್ಮಮ್ಮನಿಗೂ ಗೊತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ತೊಡಿಸಿಕೊಂಡು ಹೋದ ತಾಯಂದಿರು, ಇದು ನಮ್ಮದಲ್ಲ, ನಿಮ್ಮದೇನೋ ನೋಡಿ ಎಂದು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಅಲೆದರು. ಶಿಫ್ಟು, ಓವರ್‌ಟೈಮು ಎಂದು ತಿಂಗಳುಗಟ್ಟಲೆ ಒಬ್ಬರ ಹೊಸಿಲು ಒಬ್ಬರು ದಾಟದಿದ್ದ ಹೆಂಗಸರು ಅವತ್ತು ಹೋದಹೋದಲ್ಲಿ ಕೂತು, ಕಾಫಿ ಕುಡಿದು, ನಕ್ಕು ಎದ್ದು ಬಂದರು. ದೊಡ್ಡಲಕ್ಷ್ಮಮ್ಮ ತನ್ನ ಮನೆಯ ಜಗುಲಿಯ ಮೇಲೆ ಕೂತು, ಹೋಗಿಬರುವವರನ್ನು ಕೇಳಿಕೊಂಡು, ಯಾರ ಚಡ್ಡಿ ಎಲ್ಲಿಗೆ ಹೋಗಿದೆ ಎಂಬುದನ್ನು ಇಡೀ ಊರಿಗೆ ಕೇಳುವ ಹಾಗೆ ಕೂಗಿ ಹೇಳುತ್ತಿದ್ದಳು.