ಮುಂಬಾಗಿಲಿಗೆ ಬಂದ ಬಚ್ಚಲ ನೀರು

ನಾನು ಹೊಟ್ಟೆಪಾಡಿಗೆ ಬೇರೆಯವರ ಮನೆಗಳ ನಕ್ಷೆ ಬರೆಯುತ್ತ ಬಂದವನು. ಎಪ್ಪತ್ತು–ಎಂಬತ್ತರ ದಶಕದಲ್ಲಿ ಬೆಳಗಾವಿಯಲ್ಲಿ ಎದ್ದ ಎಷ್ಟೋ ಮನೆಗಳಲ್ಲಿ ದೇವರಕೋಣೆ ಎಲ್ಲಿರಬೇಕೆಂದು ಗೆರೆ ಎಳೆದದ್ದು ನಾನೇ. ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಕಣ್ಣಿಗೆ ಕಾಣುವುದಕ್ಕೆ ಪೂರ್ಣ ಗೆರೆ, ನೆಲದೊಳಗೆ ಮುಚ್ಚಿಹೋಗುವುದಕ್ಕೆ ಚುಕ್ಕಿಗೆರೆ. ಬಚ್ಚಲ ನೀರಿಗೆ ಸದಾ ಚುಕ್ಕಿಗೆರೆಯೇ. ಅದು ಹಿತ್ತಲ ಕಡೆ ಹೊರಟು ಕಾಗದದ ಅಂಚಿನಲ್ಲಿ ಮಾಯವಾಗುತ್ತಿತ್ತು. ಆಮೇಲೆ ಆ ನೀರು ಎಲ್ಲಿಗೆ ಹೋಗುತ್ತದೆಂದು ನಾನು ಕೇಳಿದವನಲ್ಲ, ಮನೆ ಕಟ್ಟಿಸಿದವರೂ ಕೇಳಲಿಲ್ಲ.

ಕೇಳಿದವಳು ನನ್ನ ಹೆಂಡತಿ ಶಕುಂತಲಾ, ಅದೂ ಸದಾಶಿವನಗರದಲ್ಲಿ ನಮ್ಮದೇ ಮನೆ ಏಳುತ್ತಿದ್ದಾಗ. ಹಂಚಿನ ಮನೆಯೆಂದು ಹೊರಟು ಖಾನಾಪುರದಿಂದ ಹಂಚು ತರಿಸಿದ ಮೇಲೆ ನನಗೆ ಸಿಮೆಂಟ್ ಸ್ಲ್ಯಾಬಿನ ಮಾಡಿನ ಹುಚ್ಚು ಹಿಡಿದಿತ್ತು. ಚಪ್ಪಟೆ ಹಂಚುಗಳನ್ನು ಯಾರೋ ಕೊಂಡರು. ಮಾಡಿನ ನೆತ್ತಿಗೆ ಹೊದಿಸುವ ಬಾಗಿದ ಹಂಚುಗಳು ಮಾತ್ರ ನನ್ನನ್ನು ಅಣಕಿಸುತ್ತ ಅಂಗಳದಲ್ಲಿ ಬಿದ್ದಿದ್ದವು. ಶಕುಂತಲಾ ಅವನ್ನು ಮಗುಚಿ, ಸಾಲಾಗಿ ಜೋಡಿಸಿ, ಸಂದಿಗೆ ಗಾರೆ ತುಂಬಿಸಿ, ಬಚ್ಚಲಿನಿಂದ ಮುಂದಿನ ಕೈತೋಟದವರೆಗೆ ತೆರೆದ ಕಾಲುವೆ ಮಾಡಿಸಿದಳು. ಮೈ ತೊಳೆದ, ಬಟ್ಟೆ ಒಗೆದ ನೀರೆಲ್ಲ ಮುಂಬಾಗಿಲ ಮುಂದೆಯೇ ಹರಿದು ಬಾಳೆ, ಬದನೆ ಗಿಡಗಳಿಗೆ ಹೋಗಬೇಕು.

"ಮಂದಿ ನೋಡತಾರ," ಅಂದೆ.

"ನೋಡ್ಲಿ ಅಂತನ ಮುಂದ ಹಾಕ್ಸೀನ್ರಿ. ಮಂದಿಗಿಂತ ಮೊದ್ಲ ನಾವು ನೋಡಬೇಕು," ಅಂದಳು.

ಸಿಂಧೂ ಕಣಿವೆಯ ಊರುಗಳಲ್ಲಿ ಚರಂಡಿಗಳನ್ನು ಮುಚ್ಚಿದ್ದರೆಂದು ಶಾಲೆಯಲ್ಲಿ ಓದಿ ಹೆಮ್ಮೆಪಟ್ಟವನು ನಾನು. ಮುಚ್ಚುವುದೇ ನಾಗರಿಕತೆ ಎಂದು ನಂಬಿದ್ದೆ. ಆದರೆ ನನ್ನ ನಿಜವಾದ ಭಯ ಅವ್ವನದು. ಆಕೆ ಖಾನಾಪುರದಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಳು. ನಮ್ಮಲ್ಲೂ ಬಂದು ಇರಬೇಕೆಂಬುದು ನನ್ನ ಬಹುಕಾಲದ ಆಸೆ, ಮನೆ ಕಟ್ಟಿಸಿದ್ದೇ ಅದಕ್ಕೆ ಎಂದರೂ ಸರಿಯೇ.

ಅವ್ವ ಬಂದಳು. ಗೇಟಿನಲ್ಲೇ ನಿಂತಳು.

"ಗಟಾರ ದಾಟಿ ಮನಿಯೊಳಗ ಬರಬೇಕೇನೋ? ಇದನ್ನ ಮುಚ್ಚಸು. ಇಲ್ಲಾಂದ್ರ ಸೋಮವಾರ ನಾ ಖಾನಾಪುರಕ್ಕ ಹೊಂಟೆ."

ನಾನು ಆಗಲೇ ಹೋಗಿ ಕಾಲುವೆ ಮುಚ್ಚಲು ಫರಸಿಕಲ್ಲಿನ ಚಪ್ಪಡಿ ಹೇಳಿ ಬಂದೆ. ಶಕುಂತಲಾ ಕಾಲುವೆಯಲ್ಲಿ ಬಿದ್ದ ಎಲೆ ಹೆಕ್ಕುತ್ತ ಕೂತಳು.

ಕಲ್ಲಿನವನು ಎಂದಿನಂತೆ ತಡಮಾಡಿದ, ಸೋಮವಾರವೂ ಕಳೆಯಿತು. ಅವ್ವನಿಗೆ ಕಟ್ಟೆಯ ಮೇಲೆ ಕುಳಿತು ಮೆಂತ್ಯೆಸೊಪ್ಪು ಬಿಡಿಸುವುದು ಕೆಲಸ. ಕಾಲುವೆ ಎದುರಿಗೇ ಇತ್ತು. ಯಾರು ಎಷ್ಟು ನೀರು ಸುರಿದುಕೊಂಡರೆಂಬುದು ಆಕೆಗೆ ಕುಳಿತಲ್ಲೇ ತಿಳಿಯತೊಡಗಿತು. ನಾನು ಹಾಡುತ್ತ ಸ್ನಾನ ಮಾಡುವವನು. ಒಂದು ಬೆಳಿಗ್ಗೆ ರಾಗ ಲಂಬಿಸಿ, ನೀರು ಹಂಚು ಮೀರಿ ಪಕ್ಕದ ಮನೆಯ ಗೇಟು ಮುಟ್ಟಿತು.

"ಭಾಯಿಸಾಬ್ರ ಜಳಕ ಆತೇನ್ರಿ?" ಎಂದು ಪಕ್ಕದ ಮನೆಯ ರಹಮತಬೀ ಗೋಡೆಯಾಚೆಯಿಂದ ನಕ್ಕರು.

"ನಳಾ ದಿನಾ ಬಿಟ್ಟು ದಿನಾ ಬರತೈತಿ. ನೀ ಮನಶಾ ಅದಿಯೋ, ಎಮ್ಮಿ ಅದಿಯೋ?" ಅವ್ವ ಕಟ್ಟೆಯಿಂದಲೇ ಕೂಗಿದಳು.

ಮರುದಿನದಿಂದ ನನ್ನ ಹಾಡು ಒಂದೇ ಬಕೆಟ್ಟಿಗೆ ಮುಗಿಯತೊಡಗಿತು. ಬಟ್ಟೆ ಒಗೆದ ನೊರೆ ಕಂಡರೆ, "ಅಷ್ಟು ಸಬಕಾರ ಬ್ಯಾಡವಾ, ಬದನಿಗಿಡ ಬಾಡಾಕತ್ತೈತಿ," ಎಂದು ಅವ್ವ ಸೊಸೆಗೆ ಹೇಳುತ್ತಿದ್ದಳು. ನೀರು ಉಳಿಸಿರೆಂದು ಗೋಡೆಗೆ ಬರೆದು ಹಚ್ಚಿದ್ದರೆ ನಾವ್ಯಾರೂ ಓದುತ್ತಿರಲಿಲ್ಲ. ಮುಂಬಾಗಿಲಲ್ಲಿ ಹರಿಯುವುದನ್ನು ಮಾತ್ರ ಪ್ರತಿದಿನ ದಾಟಲೇಬೇಕಿತ್ತು.

ಕಡೆಗೂ ಫರಸಿ ಬಂತು. ಕಾಲುವೆಯ ಮೇಲೆ ಇಳಿಸಲು ಹೊರಟವರನ್ನು ಅವ್ವ ತಡೆದಳು.

"ಮುಚ್ಚಿದ್ರ ನಾ ನೋಡೂದೇನು? ಬಾಜೂಕ ಹಾಕ್ರಿ. ಕುಂದರಾಕ ಬೇಕು. ಈ ಕಟ್ಟಿ ನನ್ನ ಮೊಣಕಾಲಿಗೆ ಎತ್ತರ ಆಗತೈತಿ."

"ಅತ್ತಿ, ಸೋಮವಾರ ಹೊಂಟೀನಿ ಅಂದಿದ್ರಿ?" ಎಂದು ಶಕುಂತಲಾ ಮೆಲ್ಲಗೆ ಕೇಳಿದಳು.

"ಯಾವ ಸೋಮವಾರ? ಬದನಿ ಈಗ ಹೂ ಬಿಟ್ಟೈತಿ."

ಶಕುಂತಲಾ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಅಂದಿನಿಂದ ನನ್ನ ನಕ್ಷೆಗಳಲ್ಲಿ ಬಚ್ಚಲ ನೀರಿಗೆ ಪೂರ್ಣ ಗೆರೆ, ಮನೆಯ ಮುಂದೆಯೇ. ಬಹಳ ಮಂದಿ ಮುಖ ಕಿವಿಚಿ, ಅಳಿಸಿಬಿಡಿ ಎನ್ನಲು ಬಾಯಿ ತೆರೆಯುತ್ತಾರೆ. ಅಷ್ಟರಲ್ಲಿ ಗೆರೆಯ ಪಕ್ಕದ ಪುಟ್ಟ ಚೌಕ ಕಣ್ಣಿಗೆ ಬಿದ್ದು, ಇದೇನು ಎಂದು ಕೇಳುತ್ತಾರೆ.

"ನಿಮ್ಮ ಅವ್ವಾರಿಗೆ ಕುಂದರಾಕ್ರಿ," ಅನ್ನುತ್ತೇನೆ. ಆಮೇಲೆ ಅಳಿಸಿ ಎನ್ನಲು ಅವರಿಗೆ ನಾಲಿಗೆ ಏಳುವುದಿಲ್ಲ.