ಜಾಗ ನೋಡುವ ಹನುಮಪ್ಪ

ಬಾಡಿಗೆ ಎಷ್ಟು ಎಂದು ಕೇಳುವ ಮೊದಲೇ ಹನುಮಪ್ಪ ನಮ್ಮ ಕೋಣೆಯ ಬರೀ ನೆಲದ ಮೇಲೆ ಅಂಗಾತ ಮಲಗಿಬಿಟ್ಟ. ಚಪ್ಪಲಿ ಬಾಗಿಲಲ್ಲಿ, ಕೈ ಎದೆಯ ಮೇಲೆ, ಕಣ್ಣು ಮುಚ್ಚಿತ್ತು. ಚಿಕ್ಕಬಾಣಾವರದಲ್ಲಿ ನಾಲ್ಕು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಟ್ಟವನು ನಾನು. ನಲ್ಲಿ ತಿರುಗಿಸಿ ನೋಡುವವರನ್ನು, ಸ್ವಿಚ್ ಒತ್ತಿ ನೋಡುವವರನ್ನು ಕಂಡಿದ್ದೆ. ಮಲಗಿ ನೋಡಿದವನು ಇವನೊಬ್ಬನೇ.

"ಏನಪ್ಪಾ, ಮನೆ ನೋಡೋಕ್ ಬಂದ್ಯೋ, ನಿದ್ದೆ ಮಾಡೋಕ್ ಬಂದ್ಯೋ?" ಎಂದೆ.

"ಮನಿ ಬೇಕಾಗಿದ್ದು ಮಲಗಾಕ ಅಲ್ಲೇನ್ರಿ ಯಜಮಾನ್ರ? ನಿಂತು ನೋಡಿದ್ರ ಏನ್ ತಿಳೀತೈತಿ?" ಎಂದು ಎದ್ದು ಕುಳಿತ. "ಈ ಮೂಲಿ ಒಂದ್ ಬೊಟ್ಟು ಇಳಿಜಾರೈತಿ. ಇರಲಿ ಬಿಡ್ರಿ, ಇತ್ಲಾಗ ಕಾಲು ಚಾಚತೀನಿ."

ಅವನು ಹೋದ ಮೇಲೆ ಒಂದು ಚೊಂಬು ನೀರು ಸುರಿದು ನೋಡಿದೆ. ನೀರು ಅದೇ ಮೂಲೆಗೆ ಹರಿಯಿತು.

ಹನುಮಪ್ಪ ಕೊಪ್ಪಳದ ಕಡೆಯವನು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಟಾರ್ಪಾಲು, ಟೆಂಟು ಹೊಲಿಯುತ್ತಿದ್ದ. ಚಿಕ್ಕಂದಿನಲ್ಲಿ ಅಪ್ಪನ ಕುರಿಗಳ ಜೊತೆ ಗುಡ್ಡಗುಡ್ಡ ತಿರುಗಿ, ದಿನಾ ಸಂಜೆ ಹೊಸ ಜಾಗ ಹುಡುಕಿ ಮಲಗಿ ಬೆಳೆದವನು. ಕುರಿ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಜಾಗ ನೋಡುವ ಚಟ ಬಿಟ್ಟಿರಲಿಲ್ಲ. ಟೀ ಅಂಗಡಿಯ ಮುಂದೆ ನಾವೆಲ್ಲ ಒಲೆಯ ಹೊಗೆ ಕುಡಿಯುತ್ತಾ ಕೆಮ್ಮುತ್ತಿದ್ದರೆ, ಅವನೊಬ್ಬ ಎಲ್ಲೋ ಎರಡು ಹೆಜ್ಜೆ ಆಚೆ ಹಾಯಾಗಿ ನಿಂತಿರುತ್ತಿದ್ದ.

ನನ್ನ ಮೊಮ್ಮಗಳು ಸಿಂಧು ಪೀಣ್ಯದಲ್ಲೇ ಬಿಡಿಭಾಗಗಳ ಅಳತೆ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಬಂಗಾರದಂಥ ಹುಡುಗಿ, ನಾನು ಹೇಳಿದರೆ ತಾತ ಹೊಗಳುತ್ತಾನೆ ಎನ್ನುತ್ತೀರಿ, ಆದರೂ ಹೇಳುತ್ತೇನೆ. ಜೊತೆಯಲ್ಲಿ ಕೆಲಸ ಮಾಡುವ ಮೂವರು ಹುಡುಗಿಯರನ್ನು ಕರೆದುಕೊಂಡು ಘಟ್ಟದ ಬೋಳು ಬೆಟ್ಟಸಾಲಿನ ಮೇಲೆ ಎರಡು ದಿನ ನಡೆಯಬೇಕು, ಒಂದು ರಾತ್ರಿ ಅಲ್ಲೇ ಟೆಂಟಿನಲ್ಲಿ ಕಳೆಯಬೇಕು ಎಂದು ಅವಳ ಆಸೆ. ಮುಂದಾಳು ಅವಳೇ. ಅರಣ್ಯ ಇಲಾಖೆಯ ಅನುಮತಿಯೂ ಸಿಕ್ಕಿತ್ತು. ಅವಳ ಅಪ್ಪನದು ಮಾತ್ರ ಸಿಕ್ಕಿರಲಿಲ್ಲ.

"ಅಲ್ಲಿ ಗಾಳಿ ಎದ್ರೆ ಟೆಂಟ್ ಎಲ್ಲಿರುತ್ತೆ, ನೀವೆಲ್ಲಿರ್ತೀರಾ? ಬೇಡ" ಎಂದ ನನ್ನ ಮಗ. ಅವಳು ಎರಡು ದಿನ ಸರಿಯಾಗಿ ಊಟ ಮಾಡದ್ದನ್ನು ನೋಡಿ, "ತಾತ ಹ್ಞೂಂ ಅಂದ್ರೆ ಹೋಗು" ಎಂದ. ನಾನು, "ಹನುಮಪ್ಪ ಹ್ಞೂಂ ಅಂದ್ರೆ ಹೋಗು" ಎಂದೆ. ಹನುಮಪ್ಪನಿಗೆ ದಾಟಿಸಲು ಮುಂದೆ ಯಾರೂ ಇರಲಿಲ್ಲ.

"ಬಾಯಿಲೆ ಹೇಳೂ ಮಾತಲ್ಲವ್ವಾ ಇದು. ಒಂದು ಗುಡ್ಡಕ್ಕ ಹೋಗೂನು, ನೀನ ಜಾಗ ಆರಿಸು. ಆಮ್ಯಾಲ ಹೇಳತೀನಿ."

ಭಾನುವಾರ ಸಿಂಧು, ಹನುಮಪ್ಪ, ನಾನು ಮೂವರೂ ನೆಲಮಂಗಲದಾಚೆಯ ಒಂದು ಬೋಳು ಗುಡ್ಡ ಹತ್ತಿದೆವು. ನನಗೆ ಮೊಣಕಾಲು ನೋವು, ಆದರೂ ಹೋದೆ. ದಾರಿಯಲ್ಲಿ ಅವನು ಹೇಳಿದ್ದು ಒಂದೇ ಮಾತು: "ಜಾಗ ಹುಡುಕೂದು ನಾಕ್ ಗಂಟೇಕ್ಕ ಸುರು ಮಾಡಬೇಕವ್ವಾ. ಕಾಲು ದಣದ ಮ್ಯಾಲ ಎಲ್ಲಾ ಜಾಗಾನೂ ಚಲೋನ ಕಾಣಸ್ತಾವು."

ಸಿಂಧು ಮೊದಲು ತೋರಿಸಿದ್ದು ಗುಡ್ಡದ ನೆತ್ತಿ. ಸುತ್ತ ಹತ್ತೂರು ಕಾಣುತ್ತಿತ್ತು. ಹನುಮಪ್ಪ ಬೇಡ ಎನ್ನಲಿಲ್ಲ. ಅಲ್ಲೇ ಕುಳಿತು ಫ್ಲಾಸ್ಕಿನ ಟೀ ಕೇಳಿದ. ಕುಡಿದು ಪೇಪರ್ ಲೋಟ ಕೆಳಗಿಟ್ಟದ್ದೇ ತಡ, ಗಾಳಿಗೆ ಹಾರಿಹೋಯಿತು. ಅವಳು ಅದನ್ನು ಹಿಡಿದು ತಂದು ಜೇಬಿಗೆ ಹಾಕಿಕೊಂಡಳು.

ಆಗ ನಾನು ಒಂದು ತಗ್ಗು ಕಂಡೆ. ನುಣ್ಣನೆ ಮರಳು, ಹಾಸಿಗೆ ಹಾಸಿದ ಹಾಗಿತ್ತು. "ಇದಕ್ಕಿಂತ ಬೇಕೇನೇ ಮಗಳೇ?" ಎಂದು ಕೂತೇಬಿಟ್ಟೆ.

"ಅದು ನೀರಿನ ಹಾಸಿಗಿರಿ ಯಜಮಾನ್ರ" ಎಂದ ಹನುಮಪ್ಪ. "ಮಳಿ ಬಂದ್ರ ಅದು ಬಂದು ಮಲಗತೈತಿ. ನಿಮ್ಮನ್ನ ಎಬ್ಬಿಸಿ ಕಳಸತೈತಿ."

ಸಿಂಧು ನಕ್ಕಳು. ನಗುತ್ತಲೇ ಹುಲ್ಲಿನ ಕಡೆ ನೋಡಿದಳು. ಹುಲ್ಲೆಲ್ಲ ಒಂದೇ ಕಡೆಗೆ ಬಾಗಿತ್ತು. ಗಾಳಿಯ ದಾರಿ ಗೊತ್ತಾದ ಹಾಗೆ ತಲೆಯಾಡಿಸಿ, ನೆತ್ತಿ ದಾಟಿ ಆಚೆ ಮಗ್ಗುಲಿಗೆ ಸ್ವಲ್ಪ ಇಳಿದಳು. ಒಂಟಿ ಮರವೊಂದಿತ್ತು, ಸಿಡಿಲಿಗೆ ಹೆದರಿ ಅದರ ಹತ್ತಿರ ಹೋಗಲಿಲ್ಲ. ದೊಡ್ಡ ಬಂಡೆಯ ಹಿಂದೆ ಸಮತಟ್ಟಾದ ನೆಲ. ಅಲ್ಲಿ ಒಣಗಿದ ಕುರಿ ಹಿಕ್ಕೆ ರಾಶಿಯಾಗಿ ಬಿದ್ದಿತ್ತು. ಬೇರೆ ದಿನವಾಗಿದ್ದರೆ ಮೂಗು ಮುಚ್ಚಿಕೊಳ್ಳುವವಳು, ಈಗ ಕಾಲಲ್ಲಿ ಅದನ್ನು ಬದಿಗೆ ಸರಿಸಿ, "ಕುರಿಗಳು ಇಲ್ಲೇ ಮಲಗಿದ್ವು ಅಂದ್ರೆ ಇಲ್ಲಿ ಚಳಿ ಕಮ್ಮಿ ಇರ್ಬೇಕು, ಅಲ್ವಾ ಅಂಕಲ್?" ಎಂದು ಕೇಳಿ ಅಂಗಾತ ಮಲಗಿದಳು.

ಹನುಮಪ್ಪ ನನ್ನ ಕಡೆ ತಿರುಗಿ, "ಹ್ಞೂಂ" ಎಂದ. ಅಷ್ಟೇ. ನನಗೆ ಆ ಗುಡ್ಡವನ್ನೇ ಎತ್ತಿ ಕುಣಿಸುವಷ್ಟು ಸಂತೋಷವಾಯಿತು.

ಅವರು ಘಟ್ಟಕ್ಕೆ ಹೋದ ಎರಡು ದಿನ ನನ್ನ ಮಗ ಫೋನ್ ಕೈಯಿಂದ ಇಳಿಸಲಿಲ್ಲ. ಬೆಟ್ಟದ ಮೇಲೆ ಸಿಗ್ನಲ್ ಇರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಕೆಳಗಿನ ಊರು ಮುಟ್ಟಿ ಸಿಂಧು ಫೋನ್ ಮಾಡಿ, "ಅಪ್ಪಾ, ಎಲ್ರೂ ಚೆನ್ನಾಗಿದೀವಿ. ಹನುಮಪ್ಪ ಅಂಕಲ್‌ಗೆ ಕೊಡಿ" ಎಂದಳು. ನಾನೇ ಫೋನ್ ಇಸಿದುಕೊಂಡು ಅವನ ಕೋಣೆಗೆ ಓಡಿ ಸ್ಪೀಕರ್ ಹಾಕಿದೆ.

"ನಾಲ್ಕಕ್ಕೇ ನಿಲ್ಲಿಸ್ದೆ ಅಂತ ಮೂವರೂ ಮುಖ ಊದಿಸ್ಕೊಂಡಿದ್ರು ಅಂಕಲ್. ತುದೀಲೇ ಟೆಂಟ್ ಹಾಕೋಣ, ಸೂರ್ಯೋದಯ ನೋಡೋಣ ಅಂತ ಒಂದೇ ಹಟ. ನಾನು ಬಗ್ಗಲಿಲ್ಲ."

"ಗಾಳಿ?"

"ಬಂತು. ತಲೆ ಮೇಲೆ ರೈಲು ಹೋದ ಹಾಗೆ ಹೋಯ್ತು. ನಮ್ಮ ಟೆಂಟು ಅಲ್ಲಾಡ್ಲಿಲ್ಲ. ಆದ್ರೆ ಒಂದು ತಪ್ಪಾಯ್ತು ಅಂಕಲ್. ನಾಲ್ಕೂ ಜನ ಎಂಥಾ ನಿದ್ದೆ ಹೋದ್ವಿ ಅಂದ್ರೆ, ಎದ್ದಾಗ ಬಿಸಿಲು ಬಂದ್ಬಿಟ್ಟಿತ್ತು. ಸೂರ್ಯೋದಯ ಯಾರೂ ನೋಡ್ಲಿಲ್ಲ."

ಹನುಮಪ್ಪ ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಕಣ್ಣು ಒರೆಸಿಕೊಂಡು, "ಹೊತ್ತು ಹುಟ್ಟಿದ್ದೂ ಗೊತ್ತಾಗಲಿಲ್ಲಂದ್ರ ಜಾಗ ಚಲೋ ಇತ್ತು ಬಿಡವ್ವಾ" ಎಂದ.

ಅವತ್ತು ನಾನು ನಾಲ್ಕೂ ಕೋಣೆಗೆ ಮೈಸೂರು ಪಾಕ್ ಹಂಚಿದೆ. ಏನು ವಿಶೇಷ ಎಂದು ಕೇಳಿದವರಿಗೆ, ನಮ್ಮ ಹುಡುಗಿ ಚೆನ್ನಾಗಿ ನಿದ್ದೆ ಮಾಡಿದಳು ಎಂದೆ.

ಕೆಲವು ತಿಂಗಳ ಮೇಲೆ ಅವನ ಕಾರ್ಖಾನೆ ಅತ್ತಿಬೆಲೆಗೆ ಹೋಯಿತು, ಅವನೂ ಹೊರಟ. ಹೊಲಿಗೆ ಯಂತ್ರ, ಟ್ರಂಕು ಲಗೇಜ್ ಆಟೋಗೆ ಏರಿದವು. ಮುಂದಿನ ಸಲ ಆರು ಜನ ಹೋಗುತ್ತೇವೆ, ನೀವೂ ಬರಲೇಬೇಕು ಎಂದು ಸಿಂಧು ಹಟ ಹಿಡಿದಳು.

"ಬ್ಯಾಡವ್ವಾ" ಎಂದ ಹನುಮಪ್ಪ. "ನಾ ಬಂದ್ರ ಎಲ್ಲಾರೂ ನನ್ನ ಮಾರಿ ನೋಡತಾರ. ನಿನ್ನ ಮಾರಿ ನೋಡಲಿ."

ಆಟೋ ರಸ್ತೆಯ ತಿರುವಿನಲ್ಲಿ ಮರೆಯಾಯಿತು. ಅವಳು ಗೇಟು ಹಿಡಿದು ಆ ಕಡೆಯೇ ನೋಡುತ್ತಾ ನಿಂತಳು. ನಾನು ಅವಳ ಮುಖವನ್ನೇ ನೋಡುತ್ತಾ ನಿಂತೆ.