ಮೀಟರಕ್ಕನ ನಾಲ್ಕನೇ ಪುಟ

ಬೆಳಗಿನ ಐದೂವರೆ. ಪರೀಕ್ಷಾಲಯದ ಕಾರಿಡಾರಿನಲ್ಲಿ ಇನ್ನೂ ದೀಪ ಹಾಕಿಲ್ಲ. ಕೊನೆಯ ಕೋಣೆಯಲ್ಲಿ ಮಾತ್ರ ಬೆಳಕಿದೆ. ಐವತ್ತೆರಡರ ಹೆಂಗಸೊಬ್ಬರು ಮೇಜಿನ ಮೇಲೆ ಬಾಗಿ, ಅಂಗೈ ಅಗಲದ ಪ್ರೊಸೆಸರ್ ಒಂದರ ಬೆನ್ನಿಗೆ ಬೂದು ಬಣ್ಣದ ಲೇಪ ಹಚ್ಚುತ್ತಿದ್ದಾರೆ. ಚಿಪ್ಪಿನ ಬಿಸಿ ಮೇಲಿನ ಲೋಹಕ್ಕೆ ದಾಟುವುದು ಈ ಲೇಪದ ಮೂಲಕವೇ. ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಹಚ್ಚಿ ಮುಗಿಸಿ, ಆರು ತಿರುಪುಗಳನ್ನು ಎದುರುಬದುರು ಮೂಲೆಗಳ ಸರದಿಯಲ್ಲಿ ಸ್ವಲ್ಪಸ್ವಲ್ಪವೇ ಬಿಗಿಯುತ್ತಾರೆ. ಕಿವಿಗೆ ಮುಚ್ಚಳ ಏರಿಸಿ ಗುಂಡಿ ಒತ್ತುತ್ತಾರೆ. ಸರ್ವರಿನ ಎಂಟು ಫ್ಯಾನುಗಳು ಒಮ್ಮೆಗೇ ಅರಚಿಕೊಳ್ಳುತ್ತವೆ.

ಇಷ್ಟು ಬೇಗ ಏಕೆ ಎಂದು ಚೀಟಿಯಲ್ಲಿ ಬರೆದು ಕೇಳುತ್ತೇನೆ. ಅವರು ನನ್ನನ್ನು ಹೊರಗೆ ಕರೆದುಕೊಂಡು ಬಂದು ಉತ್ತರಿಸುತ್ತಾರೆ. "ಎಂಟು ಗಂಟೆಗೆ ಜನ ಬರ್ತಾರೆ. ಬಾಗಿಲು ತೆಗೀತಾರೆ, ಹಾಕ್ತಾರೆ, ಲಿಫ್ಟು ಓಡುತ್ತೆ. ಕೋಣೆ ಬಿಸಿನೂ ಏರಿಳಿಯುತ್ತೆ, ಕರೆಂಟೂ ಏರಿಳಿಯುತ್ತೆ. ಎರಡು ಚಿಪ್ಪನ್ನ ಹೋಲಿಸ್ಬೇಕು ಅಂದ್ರೆ ಎರಡಕ್ಕೂ ಒಂದೇ ಥರದ ಬೆಳಗು ಸಿಗ್ಬೇಕಲ್ವಾ?"

ಸರ್ವರುಗಳ ಒಳಗೆ ಕೂರುವ ಭಾರೀ ಪ್ರೊಸೆಸರುಗಳನ್ನು ಎರಡೆರಡಾಗಿ ಹೋಲಿಸಿ, ಯಾವುದು ಎಷ್ಟು ದುಡಿಯುತ್ತದೆ, ಕೊಟ್ಟ ಬೆಲೆಗೆ ಯಾವುದು ತಕ್ಕದ್ದು ಎಂದು ಹೇಳುವುದು ಇವರ ಕೆಲಸ. ಹತ್ತೊಂಬತ್ತು ವರ್ಷಗಳಿಂದ ಇದೇ ಕೋಣೆ. ಕೈಯಲ್ಲಿ ಸದಾ ಕರೆಂಟು ಅಳೆಯುವ ಮೀಟರ್ ಇರುವುದರಿಂದ ಎಲ್ಲರ ಬಾಯಲ್ಲೂ ಮೀಟರಕ್ಕ. ಅಪ್ಪ ಮೋಟಾರಿಗೆ ತಂತಿ ಸುತ್ತುತ್ತಿದ್ದವರು. ಸುಟ್ಟ ಮೋಟಾರನ್ನು ಮೂಸಿ ನೋಡಿಯೇ ಎಷ್ಟು ಹೊತ್ತು ನರಳಿ ಸತ್ತಿದೆ ಎಂದು ಹೇಳುತ್ತಿದ್ದರಂತೆ. ಮಗಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಇಲ್ಲಿ ಸೇರಿದಾಗ ಅವರು ಹೇಳಿದ್ದು ಒಂದೇ ಮಾತು: "ಮಷಿನ್ನು ಸುಳ್ಳು ಹೇಳಲ್ಲಮ್ಮ. ಆದ್ರೆ ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತೆ."

ದಿನಕ್ಕೆ ಏಳು ಗಂಟೆ ಫ್ಯಾನುಗಳ ಸದ್ದಿನ ನಡುವೆ ಇರಬೇಕು. ಮೊದಲ ಆರು ವರ್ಷ ಕಿವಿಯ ಮುಚ್ಚಳವನ್ನೇ ಕೊಟ್ಟಿರಲಿಲ್ಲ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. "ನಮ್ಮ ಯಜಮಾನ್ರು ಅದನ್ನೇ ಅನುಕೂಲ ಅಂತಾರೆ. ಬೈಬೇಕಾದಾಗ ಎಡಗಡೆ ಬಂದು ಕೂರ್ತಾರೆ," ಎನ್ನುತ್ತಾರೆ. ನಗುವುದಿಲ್ಲ.

ನಾನು ಅವರನ್ನು ಹುಡುಕಿಕೊಂಡು ಹೋಗಿದ್ದು ಮೂರು ವರ್ಷದ ಹಿಂದಿನ ಒಂದು ಹೋಲಿಕೆಗಾಗಿ. ನಗರದ ತುರ್ತು ಕರೆ ಕೇಂದ್ರಕ್ಕೆ ಹೊಸ ಸರ್ವರುಗಳು ಬೇಕಿದ್ದವು. ಯಾರಾದರೂ ಆಂಬುಲೆನ್ಸಿಗೆ ಫೋನ್ ಮಾಡಿದರೆ, ಕರೆ ಎಲ್ಲಿಂದ ಬಂತು, ಹತ್ತಿರದ ಗಾಡಿ ಯಾವುದು ಎಂದು ಕ್ಷಣದಲ್ಲಿ ಹುಡುಕಿ ಹೇಳುವ ಯಂತ್ರಗಳು ಅವು. ಎರಡು ಪ್ರೊಸೆಸರುಗಳು ಪೈಪೋಟಿಯಲ್ಲಿದ್ದವು. ಒಂದರಲ್ಲಿ ತೊಂಬತ್ತಾರು ಕೋರ್. ಅಂದರೆ ಒಂದೇ ಚಿಪ್ಪಿನೊಳಗೆ ತೊಂಬತ್ತಾರು ಗುಮಾಸ್ತರು ಕೂತು ಕೆಲಸ ಮಾಡಿದ ಹಾಗೆ. ಇನ್ನೊಂದರಲ್ಲಿ ಅರವತ್ತನಾಲ್ಕು. ಮೊದಲನೆಯದರ ಬೆಲೆ ಎರಡನೆಯದರ ಒಂದೂವರೆ ಪಟ್ಟು. ಮೀಟರಕ್ಕ ಮೊದಲನೆಯದಕ್ಕೆ ಅಳಿಯ, ಎರಡನೆಯದಕ್ಕೆ ಸೊಸೆ ಎಂದು ಹೆಸರಿಟ್ಟಿದ್ದರು.

"ಅಳಿಯ ಬಂದ ಅರ್ಧ ಗಂಟೆ ಮನೆಯವರೆಲ್ಲ ಬೆರಗಾಗ್ಬೇಕು, ಹಾಗೆ ಓಡ್ತಾನೆ. ಆದ್ರೆ ಉಪಚಾರ ಜಾಸ್ತಿ. ತಣ್ಣಗಿರ್ಬೇಕು, ಗಾಳಿ ಬೀಸ್ಬೇಕು. ಸೊಸೆ ಬೆಳಗ್ಗೆ ಹೇಗೆ ಶುರು ಮಾಡಿದ್ಳೋ ಸಂಜೆನೂ ಹಾಗೇ."

ಲೆಕ್ಕ ಹೀಗಿತ್ತು. ತಂಪಾದ ಕೋಣೆಯಲ್ಲಿ ಅಳಿಯ ನೂರು ಕೆಲಸ ಮುಗಿಸುವಷ್ಟರಲ್ಲಿ ಸೊಸೆ ಎಪ್ಪತ್ತೆಂಟು ಮುಗಿಸುತ್ತಿತ್ತು. ಮೀಟರಕ್ಕ ಅಷ್ಟಕ್ಕೇ ಬಿಡಲಿಲ್ಲ. ಕೋಣೆಯನ್ನು ಮೂವತ್ತೆಂಟು ಡಿಗ್ರಿಗೆ ಏರಿಸಿ, ಎರಡು ಗಂಟೆ ಎಡೆಬಿಡದೆ ಓಡಿಸಿದರು. ತಾನು ಸುಡದಿರಲು ಅಳಿಯ ತನ್ನ ವೇಗವನ್ನು ತಾನೇ ಇಳಿಸಿಕೊಂಡು ನೂರು ಕೆಲಸದಿಂದ ನಲವತ್ತೊಂದಕ್ಕೆ ಬಂದು ನಿಂತಿತು. ಸೊಸೆ ಎಪ್ಪತ್ತನಾಲ್ಕರಲ್ಲೇ ಇತ್ತು. ಅನುಮಾನ ಬಂದು ಲೇಪ ತೆಗೆದು ಮತ್ತೆ ಹಚ್ಚಿ, ಒಟ್ಟು ಐದು ಬೆಳಗು ಓಡಿಸಿ ನೋಡಿದರು. ಐದೂ ಸಲ ಅದೇ ಉತ್ತರ.

"ಅಳಿಯ ಕೆಟ್ಟವನು ಅಂತ ಬರೀಲಿಲ್ಲ," ಎಂದು ಅವರು ಒತ್ತಿ ಹೇಳುತ್ತಾರೆ. "ಕೋಣೆ ತಣ್ಣಗಿದ್ರೆ ಅವನೇ ಗೆಲ್ಲೋದು. ಕರೆ ಕೇಂದ್ರದಲ್ಲಿ ತಂಪು ಮಾಡೋ ಯಂತ್ರ ಇದ್ದಿದ್ದು ಒಂದೇ. ಅದು ಕೈಕೊಟ್ರೆ ಸೊಸೆನೇ ವಾಸಿ ಅಂತ ವರದಿಲಿ ಬರೆದೆ. ನಾಲ್ಕನೇ ಪುಟದಲ್ಲಿ."

ಖರೀದಿ ಸಮಿತಿ ಮೊದಲ ಪುಟ ನೋಡಿತು. ನೂರು, ಎಪ್ಪತ್ತೆಂಟು. ಅಳಿಯನನ್ನೇ ಆರಿಸಿಕೊಂಡಿತು.

ಮರುವರ್ಷದ ಬೇಸಿಗೆಯ ಒಂದು ಮಧ್ಯಾಹ್ನ ತಂಪು ಯಂತ್ರ ನಿಂತಿತು. ಬಿಸಿಲಿಗೆ ಊರೇ ಬಳಲಿದ್ದ ದಿನ, ಕರೆಗಳೂ ಎಂದಿಗಿಂತ ಹೆಚ್ಚು. ಸರ್ವರುಗಳು ಕೆಡಲಿಲ್ಲ, ನಿಧಾನವಾದವು. ನಿಂತಿದ್ದರೆ ಎಚ್ಚರಿಕೆಯ ಗಂಟೆಯಾದರೂ ಹೊಡೆಯುತ್ತಿತ್ತು. ನಿಧಾನವಾಗಿದ್ದು ಯಾರಿಗೂ ಗೊತ್ತಾಗಲಿಲ್ಲ. ಐವತ್ತು ನಿಮಿಷ ಕರೆಗಳು ಒಂದರ ಹಿಂದೆ ಒಂದು ಸಾಲುಗಟ್ಟಿದವು. ಎದೆ ಹಿಡಿದುಕೊಂಡು ಕುಸಿದ ಬಸ್ ಚಾಲಕರೊಬ್ಬರ ಹೆಂಡತಿ ಹನ್ನೊಂದು ನಿಮಿಷ 'ದಯವಿಟ್ಟು ಕಾಯಿರಿ' ಎಂಬ ಧ್ವನಿಮುದ್ರಣ ಕೇಳುತ್ತಾ ನಿಂತಿದ್ದರು. ಆಂಬುಲೆನ್ಸ್ ಅವರ ಮನೆಯಿಂದ ಎರಡು ಬೀದಿ ಆಚೆ ಖಾಲಿ ನಿಂತಿತ್ತು. ಚಾಲಕರು ಉಳಿಯಲಿಲ್ಲ. ಆ ಮಧ್ಯಾಹ್ನ ಅವರೊಬ್ಬರೇ ಅಲ್ಲ, ಇನ್ನಿಬ್ಬರು.

ವಿಚಾರಣೆಗೆ ಮೀಟರಕ್ಕನನ್ನೂ ಕರೆದರು. ಉದ್ದನೆಯ ಮೇಜು, ಮೈಕು ಇಲ್ಲ. ಪ್ರಶ್ನೆಗಳನ್ನು ಎರಡೆರಡು ಸಲ ಕೇಳಿಸಿಕೊಳ್ಳಬೇಕಾಯಿತು. ಅಧ್ಯಕ್ಷರು, "ಇಷ್ಟು ಮುಖ್ಯವಾದ ವಿಷಯ ನಾಲ್ಕನೇ ಪುಟದಲ್ಲಿ ಯಾಕಿತ್ತು?" ಎಂದು ಕೇಳಿದರು. ಇವರು, "ನಮೂನೆಯಲ್ಲಿ ಬಿಸಿ ಬರೆಯೋ ಜಾಗ ಇರೋದೇ ಅಲ್ಲಿ ಸಾರ್," ಎಂದರು. ತಿಂಗಳ ನಂತರ 'ಮುಖ್ಯ ಅಂಶವನ್ನು ಎದ್ದು ಕಾಣುವಂತೆ ತಿಳಿಸದ' ತಪ್ಪಿಗೆ ಎಚ್ಚರಿಕೆ ಪತ್ರ ಬಂತು, ಇವರೊಬ್ಬರಿಗೆ ಮಾತ್ರ. ಮೊದಲ ಪುಟದಾಚೆ ಓದದವರಿಗೆ ಏನೂ ಬರಲಿಲ್ಲ. ಕೋಟೆ ಸೂರೆಹೋದ ಮೇಲೆ ಬಾಗಿಲು ಹಾಕಿದಂತೆ, ಕರೆ ಕೇಂದ್ರಕ್ಕೆ ಎರಡನೆಯ ತಂಪು ಯಂತ್ರ ಬಂತು. ಸರ್ವರುಗಳು ಅವೇ ಇವೆ.

ಪತ್ರ ಬಂದ ವಾರದಲ್ಲೇ ಚಾಲಕರ ಹೆಂಡತಿ ಪರೀಕ್ಷಾಲಯಕ್ಕೆ ಬಂದರು. ಹೊಲಿಗೆ ಕೆಲಸದವರು, ಸೆರಗಿನ ಅಂಚಿನಲ್ಲಿ ಎರಡು ಗುಂಡುಸೂಜಿ ಹಾಗೇ ಇದ್ದವಂತೆ. ವಿಚಾರಣೆಯಲ್ಲಿ ಮಾತಿಗೆ ಬಂದ ನಾಲ್ಕನೇ ಪುಟ ಬರೆದವರು ಯಾರು ಎಂದು ಕೇಳಿಕೊಂಡು ಕೊನೆಯ ಕೋಣೆಗೆ ಬಂದರು. ಆ ಹೊತ್ತಿನ ಮಾತುಗಳನ್ನು ಮೀಟರಕ್ಕ ಅಕ್ಷರ ಬಿಡದೆ ಹೇಳುತ್ತಾರೆ.

"ಆ ಪುಟ ನೀವೇ ಬರೆದಿದ್ದಾ?"

"ಹೌದಮ್ಮ."

"ಯಾರಿಗಾದ್ರೂ ಬಾಯಿಬಿಟ್ಟು ಹೇಳಿದ್ರಾ?"

"ಇಲ್ಲ. ಬರೆದಿದ್ದೆ."

"ಓದ್ತಾರೆ ಅಂದ್ಕೊಂಡ್ರಾ?"

"ಅಂದ್ಕೊಂಡೆ."

ಆಕೆ ಬೈಯಲಿಲ್ಲ, ಅಳಲಿಲ್ಲ. ಆ ಪುಟದ ನಕಲು ಕೇಳಿದರು. ಇವರು ತೆಗೆದುಕೊಟ್ಟರು. ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡು ಹೊರಟುಹೋದರು. "ಬೈದಿದ್ರೆ ಮನೆಗೆ ಹೋಗಿ ನಿದ್ದೆ ಮಾಡ್ತಿದ್ನೇನೋ," ಎನ್ನುತ್ತಾರೆ ಮೀಟರಕ್ಕ.

ಆಮೇಲಿಂದ ಅವರ ವರದಿಗಳ ಮೊದಲ ಸಾಲು ಬದಲಾಗಿದೆ. ಪ್ರೊಸೆಸರ್ ಎಷ್ಟು ಜೋರು ಎಂಬುದಕ್ಕಿಂತ ಮೊದಲು, ಅದು ಏನನ್ನು ತಾಳುವುದಿಲ್ಲ ಎಂದು ಬರೆಯುತ್ತಾರೆ. ಕೊಳ್ಳುವವರನ್ನು ಎದುರಿಗೆ ಕೂರಿಸಿಕೊಂಡು ಇಡೀ ವರದಿಯನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ. ಕೆಲವರು ಗಡಿಯಾರ ನೋಡುತ್ತಾರೆ, ಒಬ್ಬರು ಎದ್ದೇ ಹೋದರು. ವಿಭಾಗದ ಮುಖ್ಯಸ್ಥರು ಕರೆದು, "ಅಕ್ಕ, ನಮ್ಮ ಕೆಲಸ ಅಳೆಯೋದು. ಪಾಠ ಮಾಡೋದಲ್ಲ," ಎಂದರಂತೆ. "ಅಳೆದಿದ್ದು ಯಾರಿಗೂ ತಿಳೀದೆ ಹೋದ್ರೆ ಅಳೆದ ಹಾಗಾಯ್ತಾ ಸಾರ್?" ಎಂದು ಕೇಳಿ ಇವರು ಕೋಣೆಗೆ ಮರಳಿದರು. ನಮೂನೆಯಲ್ಲಿ ಬಿಸಿ ಬರೆಯುವ ಜಾಗ ಮಾತ್ರ ಇವತ್ತಿಗೂ ನಾಲ್ಕನೇ ಪುಟದಲ್ಲೇ ಇದೆ. ಬದಲಿಸಿ ಎಂದು ಇವರು ಮೂರು ಸಲ ಅರ್ಜಿ ಕೊಟ್ಟಿದ್ದಾರೆ.

ನಾನು ಹೊರಡುವ ಹೊತ್ತಿಗೆ ಮಧ್ಯಾಹ್ನ ಎರಡಾಗಿದೆ. ಬಿಸಿಲು ಕಿಟಕಿಯ ಪರದೆಯನ್ನೂ ಸುಡುತ್ತಿದೆ. ಮೀಟರಕ್ಕ ತಮ್ಮ ಸ್ವಂತ ಮೊಬೈಲಿನಿಂದ ಒಂದು ನಂಬರು ಒತ್ತುತ್ತಾರೆ. ಆ ಕಡೆ ಇರುವವರು ಕರೆ ಕೇಂದ್ರದ ಯಂತ್ರಕೋಣೆಯ ಕಾವಲುಗಾರರು.

"ಎಷ್ಟಿದೆ ಅಣ್ಣ?"

"ಇಪ್ಪತ್ತಮೂರು ಡಿಗ್ರಿ ಅಕ್ಕ."

"ಎರಡೂ ತಂಪು ಯಂತ್ರ ಓಡ್ತಿದ್ಯಾ?"

"ಎರಡೂ ಓಡ್ತಿದೆ."

ಬೇಸಿಗೆಯಲ್ಲಿ ದಿನವೂ ಹೀಗೇ, ರಜೆಯ ದಿನವೂ ತಪ್ಪಿಲ್ಲ. ಮಾಡಿ ಎಂದು ಯಾರೂ ಹೇಳಿಲ್ಲ. ಮಾಡುತ್ತಿದ್ದಾರೆ ಎಂದು ಕಚೇರಿಗೆ ಗೊತ್ತೂ ಇಲ್ಲ. ನಿವೃತ್ತಿಯ ನಂತರ ಏನು ಮಾಡಬೇಕೆಂದಿದೆ ಎಂದು ಬಲಗಿವಿಯ ಬಳಿ ಕೇಳುತ್ತೇನೆ. ಮೀಟರಿನ ತಂತಿ ಸುತ್ತಿ ಮೇಜಿನ ಮೇಲಿಡುತ್ತಾರೆ.

"ನನಗೇನೂ ಬೇಡ. ಈ ಫೋನ್ ಮಾಡೋಕೆ ಒಬ್ಬರು ಸಿಕ್ಕಿದ್ರೆ ಸಾಕು."